ಮಸಿಕೆಮ್ಮಿನ ನಕ್ಷೆ

ಹೆಲ್ವಿಕ್ ಬಾಲ್ಟಿಕ್ ಸಮುದ್ರದ ದಂಡೆಯ ಒಂದು ಬಂದರು. ಅಲ್ಲಿನ ರೋಗ ನಿಗಾ ಕೇಂದ್ರದಲ್ಲಿ ನೀಲಗಂಗಾ ಹಿಪ್ಪರಗಿಯ ಕೆಲಸ ಕಾಯಿಲೆ ವಾಸಿ ಮಾಡುವುದಲ್ಲ, ಎಣಿಸುವುದು. ದಿನವೂ ಬೆಳಿಗ್ಗೆ ಎಂಟಕ್ಕೆ ಯುರೋಪಿನ ಮೂವತ್ತು ದೇಶಗಳ ಆಸ್ಪತ್ರೆಗಳಿಂದ ಹಿಂದಿನ ದಿನದ ಲೆಕ್ಕ ಬರುತ್ತಿತ್ತು. ನಿಯಂತ್ರಣ ಕೊಠಡಿಯ ಗೋಡೆ ತುಂಬ ಹರಡಿದ್ದ ನಕ್ಷೆಯ ಮೇಲೆ ಅದು ಕೆಂಪು ಚುಕ್ಕೆಗಳಾಗಿ ಮೂಡುತ್ತಿತ್ತು. ಹತ್ತೊಂಬತ್ತು ವರ್ಷ ಅದನ್ನೇ ನೋಡಿದ್ದ ಅವಳಿಗೆ ಚುಕ್ಕೆಗಳ ನಡಿಗೆಯಿಂದಲೇ ಕಾಯಿಲೆಯ ಗುರುತು ಸಿಗುತ್ತಿತ್ತು. ಫ್ಲೂ ರೈಲುಹಳಿಗಳ ಗುಂಟ ಬಟ್ಟೆಗೆ ಬಿದ್ದ ಶಾಯಿಯಂತೆ ಹರಡುತ್ತದೆ. ಕೆಟ್ಟ ಆಹಾರದ ವಾಂತಿಭೇದಿ ಒಂದೇ ದಿನ ಹತ್ತು ಕಡೆ ಸಿಡಿದು ವಾರದಲ್ಲಿ ಆರುತ್ತದೆ. ಬಿಸಿಗಾಳಿಯ ಸಾವುಗಳು ದಕ್ಷಿಣದಿಂದ ಮೇಲಕ್ಕೆ ಏರುತ್ತವೆ.

ಆ ವರ್ಷದ ನವೆಂಬರಿನಲ್ಲಿ ಮೂಡಿದ ಚುಕ್ಕೆಗಳು ಯಾವ ಗುರುತಿಗೂ ಸಿಗಲಿಲ್ಲ.

ಒಂದು ಊರಿನಲ್ಲಿ ನೂರು ಜನ ಆಸ್ಪತ್ರೆ ಸೇರಿದ್ದರೆ ಹದಿನೈದು ಕಿಲೋಮೀಟರ್ ಆಚೆಯ ಊರಿನಲ್ಲಿ ಒಬ್ಬರೂ ಇರಲಿಲ್ಲ. ಉತ್ತರದ ಚಳಿದೇಶಗಳಲ್ಲಿ ಹೆಚ್ಚು, ಕೆಳಗಿನ ಬಿಸಿಲುದೇಶಗಳಲ್ಲಿ ಬೆರಳೆಣಿಕೆ. ಒಂದು ದೇಶದ ವೈದ್ಯರು ಇದನ್ನು ನ್ಯುಮೋನಿಯಾ ಎಂದು ಬರೆದಿದ್ದರು, ಇನ್ನೊಂದು ದೇಶದವರು ಕ್ಷಯ ಇರಬಹುದೆಂದು ಶಂಕಿಸಿದ್ದರು. ಮೊದಲು ಒಣ ಕೆಮ್ಮು. ಹತ್ತು ದಿನಕ್ಕೆ ಕಫದಲ್ಲಿ ಎಳ್ಳಿನಂಥ ಕಪ್ಪು ಕಣಗಳು. ಮೂರನೆಯ ವಾರ ತಡೆಯಲಾಗದ ತಲೆನೋವು, ಕಣ್ಣು ಮಂಜು. ಆ ಹಂತ ತಲುಪಿದ ಹತ್ತು ಮಂದಿಯಲ್ಲಿ ಆರು ಮಂದಿ ಉಳಿಯುತ್ತಿರಲಿಲ್ಲ. ಹೆಲ್ವಿಕ್‌ನ ಜನ ಅದನ್ನು ಮಸಿಕೆಮ್ಮು ಎಂದು ಕರೆದರು.

ನೀಲಗಂಗಾಳನ್ನು ಹೆದರಿಸಿದ್ದು ಸಾವಿನ ಲೆಕ್ಕಕ್ಕಿಂತ ಹೆಚ್ಚಾಗಿ ಅದು ಬಿದ್ದ ಜಾಗ. ಯಾವ ಊರಿನಲ್ಲೇ ಆಗಲಿ, ಉಸಿರಿನ ಕಾಯಿಲೆ ಮೊದಲು ಹೋಗುವುದು ಬಡವರ ಮನೆಗೆ. ಇಕ್ಕಟ್ಟು, ಥಂಡಿ, ಕಡಿಮೆ ಊಟ. ಈ ಕೆಮ್ಮು ಹೆಲ್ವಿಕ್‌ನಲ್ಲಿ ನ್ಯೂಸುಂಡ್ ಎಂಬ ಹೊಸ ಬಡಾವಣೆಯನ್ನು ಹಿಡಿದಿತ್ತು. ಗಾಜಿನ ಕಿಟಕಿಗಳ, ಉದ್ಯಾನಗಳ, ಇಡೀ ದೇಶವೇ ಹೆಮ್ಮೆಪಡುವ ಬಡಾವಣೆ. ನಗರದ ಇನ್ನೊಂದು ತುದಿಯಲ್ಲಿ, ಮುಚ್ಚಿಹೋದ ಹಗ್ಗದ ಕಾರ್ಖಾನೆಯ ಸುತ್ತ, ಹೊರದೇಶಗಳಿಂದ ಬಂದ ಮೂವತ್ತೊಂದು ಸಾವಿರ ಜನ ಒತ್ತೊತ್ತಾಗಿ ಬದುಕುವ ಹಗ್ಗದಕೇರಿಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ನಕ್ಷೆಯಲ್ಲಿ ಅದು ಬೆಳ್ಳಗೆ ಉಳಿದಿತ್ತು.

ನೀಲಗಂಗಾ ಇದ್ದದ್ದು ಆ ಹಗ್ಗದಕೇರಿಯಲ್ಲೇ. ನಾಲ್ಕನೆಯ ಮಹಡಿಯ ಎರಡು ಕೋಣೆಯ ಮನೆ, ಗಂಡ ಮಡಿವಾಳಪ್ಪ, ಒಂಬತ್ತು ವರ್ಷದ ಮಗಳು ಚಿನ್ಮಯಿ. ಗಂಡಹೆಂಡತಿ ಇಬ್ಬರೂ ವಿಜಯಪುರದ ಕಡೆಯವರು. ಮಡಿವಾಳಪ್ಪ ನಗರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕಟ್ಟಡದ ನೆಲಮಾಳಿಗೆಯಲ್ಲಿ ಅರವತ್ತು ವರ್ಷದ ಬಾಯ್ಲರ್ ಇತ್ತು; ನಲ್ಲಿ ತಿರುಗಿಸಿದರೆ ಮೊದಲು ಗುರಗುರ ಸದ್ದು, ಆಮೇಲೆ ಕೈ ಸುಡುವ ನೀರು. ಅದನ್ನು ಬಕೆಟ್ಟಿಗೆ ಹಿಡಿದು, ತಣ್ಣೀರು ಬೆರೆಸಿ, ಮಗ್ಗಿನಿಂದ ಹೊಯ್ದುಕೊಳ್ಳಬೇಕು. ನ್ಯೂಸುಂಡ್‌ನ ಗೆಳತಿಯರ ಮನೆಯಲ್ಲಿ ಛಾವಣಿಯಿಂದಲೇ ಬೆಚ್ಚನೆಯ ಗಾಳಿ ಇಳಿಯುತ್ತದೆ, ನಮಗ್ಯಾಕಿಲ್ಲ ಎಂದು ಚಿನ್ಮಯಿ ಚಳಿಗಾಲವಿಡೀ ಗೊಣಗುತ್ತಿದ್ದಳು.

ಡಿಸೆಂಬರಿನಲ್ಲಿ ನಿಗಾ ಕೇಂದ್ರದಿಂದ ಯಾರೋ ನಕ್ಷೆಯ ಚಿತ್ರವನ್ನು ಹೊರಗೆ ಹಾಕಿದರು. ಎರಡೇ ದಿನದಲ್ಲಿ ಊರಿನಲ್ಲೆಲ್ಲ ಒಂದೇ ಪ್ರಶ್ನೆ. ಎಲ್ಲರೂ ಸಾಯುತ್ತಿರುವಾಗ ಅವರಿಗೆ ಮಾತ್ರ ಯಾಕೆ ಏನೂ ಆಗಿಲ್ಲ? ಅವರೇ ತಂದಿರಬೇಕು, ಅವರಿಗೆ ಒಗ್ಗಿಹೋಗಿದೆ ಎಂದರು ಕೆಲವರು. ಅವರ ಬಳಿ ಔಷಧಿ ಇದೆ, ಬಚ್ಚಿಟ್ಟಿದ್ದಾರೆ ಎಂದರು ಮತ್ತೆ ಕೆಲವರು. ಒಂದು ಬೆಳಿಗ್ಗೆ ಹಗ್ಗದಕೇರಿಯ ನೂರಾರು ಬಾಗಿಲುಗಳ ಮೇಲೆ ಮಸಿಯ ಅಂಗೈಗುರುತು ಬಿದ್ದಿತ್ತು. ಡಿಪೋದಲ್ಲಿ ಮಡಿವಾಳಪ್ಪನಿಗೆ ಊಟದ ಕೋಣೆಗೆ ಬರಬೇಡ, ಗ್ಯಾರೇಜಿನಲ್ಲೇ ತಿನ್ನು ಎಂದರು. ಶಾಲೆಯಲ್ಲಿ ಚಿನ್ಮಯಿಯ ಪಕ್ಕದ ಕುರ್ಚಿ ಖಾಲಿಯಾಯಿತು. ಕೇಂದ್ರದಲ್ಲಿ ನೀಲಗಂಗಾಳಿಗೆ ಯಾರೂ ಏನೂ ಅನ್ನಲಿಲ್ಲ. ಅವಳು ಲಿಫ್ಟ್ ಹತ್ತಿದರೆ ಉಳಿದವರು ಮೆಟ್ಟಿಲು ಹಿಡಿಯುತ್ತಿದ್ದರು, ಅಷ್ಟೆ.

ಕ್ರಿಸ್‌ಮಸ್ಸಿನ ಮುಂಚಿನ ವಾರ, ರೊಟ್ಟಿ ಬಡಿಯುತ್ತಿದ್ದ ಮಡಿವಾಳಪ್ಪ ತಿರುಗಿ ನೋಡದೆಯೇ ಹೇಳಿದ:

"ಕೆಳಗಿನ ಫದ್ವಾಗೂ ಬಂದೈತಂತ. ನಿನ್ನೆ ದವಾಖಾನಿಗೆ ಒಯ್ದಾರ."

ಎರಡನೆಯ ಮಹಡಿಯ ಫದ್ವಾ ಸಿರಿಯಾದಿಂದ ಬಂದ ಹೆಂಗಸು. ಚಿನ್ಮಯಿ ಕೂಸಾಗಿದ್ದಾಗ ಎಷ್ಟೋ ಮಧ್ಯಾಹ್ನ ಅವಳ ತೊಡೆಯ ಮೇಲೆಯೇ ಮಲಗಿದ್ದಳು. ಸುದ್ದಿ ಕೇಳಿದ ನೀಲಗಂಗಾಳ ಎದೆಯಲ್ಲಿ ಮೊದಲು ಎದ್ದದ್ದು ದುಃಖವಲ್ಲ. ಬಿಳಿಯ ಜಾಗದಲ್ಲಿ ಒಂದು ಚುಕ್ಕೆ ಬಿತ್ತಲ್ಲ, ಇನ್ನು ನಮ್ಮನ್ನು ಬಿಡುತ್ತಾರೆ ಎನ್ನುವ ಸಮಾಧಾನ. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಆಮೇಲೆ ಹೆದರಿಕೆ ಹತ್ತಿತು. ಫದ್ವಾ ದಿನವೂ ಏರಿಳಿಯುವ ಮೆಟ್ಟಿಲನ್ನೇ ಚಿನ್ಮಯಿಯೂ ಏರಿಳಿಯುತ್ತಾಳೆ.

ಆಸ್ಪತ್ರೆಯಲ್ಲಿ ಮುಖಗವಸು, ಕೈಗವಸು ತೊಟ್ಟು ಅವಳು ಫದ್ವಾಳ ಮಂಚದ ಪಕ್ಕ ಎರಡು ಗಂಟೆ ಕೂತಳು. ಮೂವತ್ತೊಂದು ಸಾವಿರದಲ್ಲಿ ಇವಳೊಬ್ಬಳಿಗೇ ಬಂದಿದೆ ಎಂದರೆ ಇವಳೊಬ್ಬಳೇ ಮಾಡಿದ್ದು ಏನೋ ಇರಬೇಕು. ತಿಂದದ್ದು, ಕುಡಿದದ್ದು, ಹತ್ತಿದ ಬಸ್ಸು, ಹೋದ ಅಂಗಡಿ ಎಲ್ಲ ಕೇಳಿ ಬರೆದುಕೊಂಡಳು. ಫದ್ವಾ ಒಂದು ಏಜೆನ್ಸಿಯ ಮೂಲಕ ನ್ಯೂಸುಂಡ್‌ನಲ್ಲಿ ನಾಲ್ಕು ಮಂದಿ ವೃದ್ಧರಿಗೆ ಸ್ನಾನ ಮಾಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅವರಲ್ಲಿ ಮೂವರು ಆಗಲೇ ಸತ್ತಿದ್ದರು. ಅವರಿಂದಲೇ ಹತ್ತಿರಬೇಕು ಎಂದು ನೀಲಗಂಗಾ ಬರೆಯುತ್ತಿದ್ದಾಗ ಫದ್ವಾ ಅವಳ ಕೈ ಹಿಡಿದು ನಿಲ್ಲಿಸಿದಳು. ಅದೇ ಕೆಲಸಕ್ಕೆ ಹಗ್ಗದಕೇರಿಯಿಂದ ಇನ್ನೂ ಐವತ್ತು ಹೆಂಗಸರು ಹೋಗುತ್ತಾರೆ, ಅವರೆಲ್ಲ ಗಟ್ಟಿಯಾಗಿದ್ದಾರೆ ಎಂದಳು. ಅವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸ್ಪಂಜಿನಿಂದ ಮೈ ಒರೆಸಿ, ಅರ್ಧ ಗಂಟೆಯಲ್ಲಿ ಮುಗಿಸಿ, ಮುಂದಿನ ಮನೆಗೆ ಓಡುತ್ತಾರೆ. ತಾನು ಮಾತ್ರ ಒಂದು ತಪ್ಪು ಮಾಡುತ್ತಿದ್ದೆ ಎಂದು ದನಿ ತಗ್ಗಿಸಿದಳು.

"ಕೆಲಸ ಮುಗಿದ ಮೇಲೆ ಅವರ ಷವರ್ ಕೆಳಗೆ ನಿಲ್ತಿದ್ದೆ. ಕೆಲವು ಸಲ ಅರ್ಧ ಗಂಟೆ. ಅಷ್ಟು ಬೆಚ್ಚಗಿರ್ತಿತ್ತು. ಏಜೆನ್ಸಿಯವರಿಗೆ ಹೇಳ್ಬೇಡ."

ನೀಲಗಂಗಾ ಅಂದೇ ಮಧ್ಯಾಹ್ನ ನ್ಯೂಸುಂಡ್‌ನ ಒಂದು ಖಾಲಿ ಮನೆಯ ಷವರಿನ ತಲೆ ಬಿಚ್ಚಿಸಿ, ಛಾವಣಿಯ ಗಾಳಿಕಿಂಡಿಯ ಜಾಲರಿ ಕೀಳಿಸಿ, ಎರಡನ್ನೂ ಕೇಂದ್ರದ ಪ್ರಯೋಗಾಲಯಕ್ಕೆ ತಂದಳು. ಅಲ್ಲಿ ಮಿರ್ಯಾ ಕೊಸ್ಕೆಲಾ ಎಂಬ ಶಿಲೀಂಧ್ರ ತಜ್ಞೆ ಇದ್ದಳು. ಜಾಲರಿಯ ಒಳಮೈಯನ್ನು ಬೆರಳಿನಿಂದ ಸವರಿ ದೀಪಕ್ಕೆ ಹಿಡಿದಳು. ಬೆರಳು ಕಾಡಿಗೆ ತಾಗಿದಂತೆ ಕಪ್ಪಾಗಿತ್ತು.

ನಾಲ್ಕು ದಿನದ ಮೇಲೆ ಮಿರ್ಯಾ ಅವಳನ್ನು ಕರೆದು, ಜಾಲರಿಯಲ್ಲೂ ಫದ್ವಾಳ ಕಫದಲ್ಲೂ ಇರುವುದು ಒಂದೇ ಕಪ್ಪು ಬೂಷ್ಟು ಎನ್ನುತ್ತ ಗಾಜಿನ ತಟ್ಟೆಗಳ ಸಾಲು ತೋರಿಸಿದಳು. ಬೂಷ್ಟುಗಳ ಜಾತಿ ಲಕ್ಷಾಂತರ, ಮನುಷ್ಯರನ್ನು ಕಾಡುವುದು ಕೆಲವೇ ಕೆಲವು. ನಮ್ಮ ಮೈಯ ಬಿಸಿಯೇ ಅದಕ್ಕೆ ಕಾರಣ. ಮೂವತ್ತೇಳು ಡಿಗ್ರಿಯಲ್ಲಿ ಹೆಚ್ಚಿನವು ಬದುಕುವುದಿಲ್ಲ. ಹದಿನೈದು ವರ್ಷದ ಹಿಂದೆ, ಇಂಧನ ಉಳಿಸಲೆಂದು, ಯುರೋಪಿನ ಅರವತ್ತು ನಗರಗಳು ನಸುಬಿಸಿ ಜಾಲ ಹಾಕಿಸಿಕೊಂಡವು. ಕಂಪ್ಯೂಟರ್ ಕೇಂದ್ರಗಳಿಂದ ಹೊಮ್ಮುವ ವ್ಯರ್ಥ ಶಾಖದಿಂದ ನೀರು ಕಾಯಿಸಿ ಮನೆಮನೆಗೆ ಹರಿಸುವ ಏರ್ಪಾಡು. ಅದೇ ನೀರು ಸ್ನಾನಕ್ಕೆ. ಅದೇ ನೀರು ಸಣ್ಣ ಮಂಜಾಗಿ ಛಾವಣಿಯಿಂದ ಇಳಿದು ಕೋಣೆಗಳನ್ನು ಬೆಚ್ಚಗಿಡುತ್ತದೆ. ಮೊದಲ ವರ್ಷ ಮೂವತ್ತೆರಡು ಡಿಗ್ರಿ ಇಟ್ಟರು. ಜನ ಇನ್ನಷ್ಟು ಬಿಸಿ ಕೇಳಿದಂತೆ ಎರಡು ವರ್ಷಕ್ಕೊಮ್ಮೆ ಒಂದೊಂದು ಡಿಗ್ರಿ ಏರಿಸುತ್ತ ಮೂವತ್ತೊಂಬತ್ತಕ್ಕೆ ತಂದರು. ಕ್ರಿಮಿಗಳನ್ನು ಕೊಲ್ಲಲು ಪೈಪುಗಳಲ್ಲಿ ಅತಿನೇರಳೆ ದೀಪ ಇಟ್ಟಿದ್ದರು. ಬ್ಯಾಕ್ಟೀರಿಯಾ ಸತ್ತವು. ಕಪ್ಪು ಬಣ್ಣದ ಈ ಬೂಷ್ಟಿಗೆ ಆ ಬಣ್ಣವೇ ಕೊಡೆಯಾಯಿತು. ಪೈಪುಗಳಲ್ಲಿ ಅದಕ್ಕೆ ಎದುರಾಳಿಯೇ ಉಳಿಯಲಿಲ್ಲ.

ಮಿರ್ಯಾ ಕೊನೆಯ ತಟ್ಟೆಯನ್ನು ಎತ್ತಿ ಹಿಡಿದಳು. ಅದು ನಲವತ್ತೊಂದು ಡಿಗ್ರಿಯಲ್ಲಿ ಇಟ್ಟಿದ್ದ ತಟ್ಟೆ. ಕಪ್ಪು ಮಖಮಲ್ಲಿನಂತೆ ತುಂಬಿಕೊಂಡಿತ್ತು.

"ಜ್ವರ ಬಂದರೂ ಇದಕ್ಕೆ ಏನೂ ಆಗೋದಿಲ್ಲ. ನಮ್ಮ ಮೈಯೊಳಗೆ ಬದುಕೋದನ್ನ ಹದಿನೈದು ವರ್ಷ ಪಾಠ ಹೇಳಿಕೊಟ್ಟ ಹಾಗೆ ಕಲಿಸಿದ್ದೀವಿ, ನೀಲಾ."

ನೀಲಗಂಗಾ ನಸುಬಿಸಿ ಜಾಲ ಇರುವ ನಗರಗಳ ಪಟ್ಟಿ ತರಿಸಿ ನಕ್ಷೆಯ ಮೇಲಿಟ್ಟಳು. ಮಸಿಕೆಮ್ಮಿನ ಗುಂಪುಗಳು ಆ ಅರವತ್ತು ಊರುಗಳ ಮೇಲೆ ಒಂದೂ ಬಿಡದೆ ಕೂತವು. ಅರವತ್ತು ಊರುಗಳ ಒಟ್ಟು ಜನ ಒಂದು ಕೋಟಿ ಹತ್ತು ಲಕ್ಷ. ಅವಳು ಆ ರಾತ್ರಿಯೇ ವರದಿ ಬರೆದು ಮುಗಿಸಿದಳು.

ಕೇಂದ್ರದ ನಿರ್ದೇಶಕ ಅರ್ವೀಡ್ ಸ್ಟಾಲ್ ವರದಿಯನ್ನು ಎರಡು ಸಲ ಓದಿದ. ಜಾಲ ಹಾಕಲು ಸಲಹೆ ಕೊಟ್ಟ ಸಮಿತಿಯಲ್ಲಿ ಅವನೂ ಇದ್ದ. ಅದನ್ನು ಅವನೇ ಹೇಳಿದ. ನೀರಿನ ಬಿಸಿ ಏರಿಸಿ ಬೂಷ್ಟನ್ನು ಕೊಲ್ಲಬಹುದೇ ಎಂದು ಕೇಳಿದ. ಅರವತ್ತೈದು ಡಿಗ್ರಿ ಬೇಕು, ಆ ಯಂತ್ರಗಳಿಂದ ನಲವತ್ತೈದನ್ನು ದಾಟಲಾಗದು ಎಂದಳು ನೀಲಗಂಗಾ. ಜಾಲವನ್ನು ಪೂರ್ತಿ ನಿಲ್ಲಿಸುವುದೊಂದೇ ದಾರಿ. ಅರ್ವೀಡ್ ಕಿಟಕಿಯ ಕಡೆ ಕೈ ತೋರಿಸಿದ. ಹೊರಗೆ ಮೈನಸ್ ಹದಿನಾಲ್ಕು ಇತ್ತು. ನ್ಯೂಸುಂಡ್‌ನ ಇಪ್ಪತ್ತನಾಲ್ಕು ಸಾವಿರ ಜನರಲ್ಲಿ ಮೂರರಲ್ಲಿ ಒಬ್ಬರು ಎಪ್ಪತ್ತು ದಾಟಿದವರು. ಆ ಮನೆಗಳಲ್ಲಿ ಒಂದು ಒಲೆಯೂ ಇಲ್ಲ, ಹೊಗೆಗೂಡೂ ಇಲ್ಲ. ಎಲ್ಲರೂ ವಿದ್ಯುತ್ ಹೀಟರ್ ಹಚ್ಚಿದರೆ ಆ ಬಡಾವಣೆಯ ತಂತಿಗಳು ತಾಳುವುದಿಲ್ಲ. ಬೆಚ್ಚಗಿಟ್ಟರೆ ಕೆಮ್ಮಿ ಸಾಯುತ್ತಾರೆ, ತಣ್ಣಗೆ ಬಿಟ್ಟರೆ ಸೆಟೆದು ಸಾಯುತ್ತಾರೆ. ಇವರನ್ನು ಎಲ್ಲಿಗೆ ಕಳಿಸಲಿ ಎಂದು ಕೇಳಿದ.

ನೀಲಗಂಗಾ ತನ್ನ ಬೀದಿಯ ಹೆಸರು ಹೇಳಿದಳು. ಜಾಲ ಹೋಗದೆ ಹಳೆಯ ಬಾಯ್ಲರುಗಳೇ ಉಳಿದಿರುವುದು ಅಲ್ಲೇ.

ಬಾಗಿಲಿಗೆ ಮಸಿ ಬಳಿಸಿಕೊಂಡವರ ಮುಂದೆ ಹೋಗಿ ಕೇಳುವ ಮುಖ ತನಗಿಲ್ಲ, ನೀನೇ ಕೇಳು ಎಂದ ಅರ್ವೀಡ್. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂದು ಖಚಿತವಾಗಿ ಹೇಳಿಬಿಡು, ಇಲ್ಲದಿದ್ದರೆ ಯಾರೂ ಒಪ್ಪುವುದಿಲ್ಲ ಎಂದೂ ಸೇರಿಸಿದ.

ಭಾನುವಾರ ಮಧ್ಯಾಹ್ನ ಹಗ್ಗದಕೇರಿಯ ಬಟ್ಟೆ ಒಗೆಯುವ ದೊಡ್ಡ ಕೋಣೆಯಲ್ಲಿ ಎಲ್ಲ ಕಟ್ಟಡಗಳ ಪ್ರತಿನಿಧಿಗಳು ಸೇರಿದರು. ಅದಕ್ಕೆ ಒಂದು ಗಂಟೆ ಮೊದಲು ಮಿರ್ಯಾ ಫೋನು ಮಾಡಿ, ಆಸ್ಪತ್ರೆಯ ಒಬ್ಬಳು ನರ್ಸಿಗೆ ಮಸಿಕೆಮ್ಮು ಬಂದಿದೆ, ಅವಳು ಇರುವುದು ಕಟ್ಟಿಗೆ ಒಲೆಯ ಹಳ್ಳಿಮನೆಯಲ್ಲಿ, ಎಲ್ಲಿಂದ ಹತ್ತಿತೋ ತಿಳಿಯುತ್ತಿಲ್ಲ ಎಂದಿದ್ದಳು. ಆ ಸುದ್ದಿಯನ್ನು ನೀಲಗಂಗಾ ಯಾರಿಗೂ, ಗಂಡನಿಗೂ ಹೇಳಿರಲಿಲ್ಲ.

ಅವಳು ನಡೆದದ್ದನ್ನೆಲ್ಲ ವಿವರಿಸಿ, ನ್ಯೂಸುಂಡ್‌ನವರಿಗೆ ನಿಮ್ಮ ಮನೆಗಳಲ್ಲಿ ಜಾಗ ಕೊಡಿ ಎಂದು ಕೇಳಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ವರ್ಸಾಮೆ ಎಂಬ ಸೊಮಾಲಿಯಾದ ಮುದುಕ, ಬಂದರಿನಲ್ಲಿ ನಲವತ್ತು ವರ್ಷ ಹೊರೆ ಹೊತ್ತವನು, ನಿಧಾನವಾಗಿ ಎದ್ದ. ತನಗೆ ಏಳು ಮೊಮ್ಮಕ್ಕಳಿದ್ದಾರೆ ಎಂದ. ಒಂದೇ ಪ್ರಶ್ನೆ ಕೇಳುತ್ತೇನೆ ಎಂದ.

"ಇದು ಒಬ್ಬರಿಂದ ಒಬ್ಬರಿಗೆ ಹತ್ತೋದಿಲ್ಲ ಅಂತ ನಿಮಗೆ ಖಂಡಿತ ಗೊತ್ತಾ?"

ಹೌದು ಎನ್ನುವ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಎದುರಿಗೆ ಕೂತವರ ಮುಖ ನೋಡಿದಳು. ಹಿಂದೆ ಗೋಡೆಗೊರಗಿ ನಿಂತಿದ್ದ ಮಡಿವಾಳಪ್ಪನನ್ನು ನೋಡಿದಳು.

"ಇಲ್ಲ. ಹತ್ತೋದಿಲ್ಲ ಅಂತ ನನಗನ್ನಿಸ್ತದೆ, ಖಂಡಿತ ಗೊತ್ತಿಲ್ಲ. ಒಬ್ಬಳು ನರ್ಸಿಗೆ ಹೇಗೆ ಬಂತು ಅಂತ ಇನ್ನೂ ತಿಳಿದಿಲ್ಲ."

ಕೋಣೆಯಲ್ಲಿ ಗದ್ದಲವೆದ್ದಿತು. ತಮ್ಮನ್ನು ಮನುಷ್ಯರಂತೆ ಕಾಣದವರಿಗಾಗಿ ಮಕ್ಕಳನ್ನು ಪಣಕ್ಕಿಡಬೇಕೇ ಎಂದು ಒಬ್ಬಳು ಅಳುತ್ತ ಕೇಳಿದಳು. ಮೂರರಲ್ಲಿ ಒಂದು ಭಾಗ ಜನ ಎದ್ದು ಹೊರಟುಹೋದರು, ಅವರನ್ನು ತಪ್ಪು ಎನ್ನುವ ಧೈರ್ಯ ನೀಲಗಂಗಾಳಿಗೆ ಇರಲಿಲ್ಲ. ಆಮೇಲೆ ಮಡಿವಾಳಪ್ಪ ಗೋಡೆ ಬಿಟ್ಟು ಮುಂದೆ ಬಂದು, ಮೇಜಿನ ಮೇಲಿದ್ದ ಹಾಳೆಯಲ್ಲಿ ತಮ್ಮ ಮನೆಯ ಸಂಖ್ಯೆ ಬರೆದು, ಪಕ್ಕದಲ್ಲಿ 'ಒಬ್ಬರು' ಎಂದು ಸೇರಿಸಿ, ಪೆನ್ನನ್ನು ವರ್ಸಾಮೆಯ ಕೈಗೆ ಕೊಟ್ಟ. ವರ್ಸಾಮೆ ಬಹಳ ಹೊತ್ತು ಪೆನ್ನು ಹಿಡಿದು ನಿಂತಿದ್ದ. ಕೊನೆಗೆ ಅವನೂ ಬರೆದ.

ಮನೆಗೆ ಬಂದ ಮೇಲೆ ಅವಳು ಗಂಡನ ಎದುರು ನಿಂತಳು. ನನ್ನನ್ನೊಂದು ಮಾತು ಕೇಳದೆ ಯಾಕೆ ಬರೆದೆ, ಚಿನ್ಮಯಿಗೆ ಏನಾದರೂ ಆದರೆ ಎಂದಳು. ಮಡಿವಾಳಪ್ಪ ಹಾಸಿಗೆ ಮಡಚುತ್ತಿದ್ದ.

"ನೀ ಅಲ್ಲಿ ಖರೇ ಹೇಳಿದಿ, ಅದಕ್ಕ ಬರದೆ. ಸುಳ್ಳ ಹೇಳಿದ್ರ ನಿನ್ನ ಮಾರಿ ನೋಡಿ ನನಗ ತಿಳೀತಿತ್ತು, ಆಗ ಬರೀತಿದ್ದಿಲ್ಲ. ಹುಡುಗೀನ ನಮ್ಮ ನಡುವ ಮಲಗಸೋಣು. ಬಂದವರಿಗೆ ಆ ಕೋಣಿ ಕೊಡೋಣು."

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನ್ಯೂಸುಂಡ್‌ನ ಜಾಲ ನಿಂತಿತು. ಒಪ್ಪಿದ ಮನೆಗಳು, ಮಸೀದಿಯ ಸಭಾಂಗಣ, ಹಗ್ಗದ ಕಾರ್ಖಾನೆಯ ಹಳೆಯ ಕಚೇರಿ, ಎಲ್ಲ ಸೇರಿ ಹತ್ತೊಂಬತ್ತು ಸಾವಿರ ಜನಕ್ಕೆ ಜಾಗವಾಗಿತ್ತು. ಉಳಿದವರನ್ನು ದೂರದ ಹಳ್ಳಿಗಳಿಗೆ ಕಳಿಸಿದರು. ಬಸ್ಸುಗಳಿಂದ ಇಳಿದವರು ಪೆಟ್ಟಿಗೆ ಹಿಡಿದು, ಬಾಗಿಲುಗಳ ಮೇಲಿನ ಮಸಿಯ ಅಂಗೈಗಳ ಮುಂದೆ ತಲೆ ತಗ್ಗಿಸಿ ನಿಂತರು. ಅದನ್ನು ಬಳಿದವರೂ ಅವರಲ್ಲಿ ಇದ್ದಿರಬೇಕು. ಯಾರೂ ಕೇಳಲಿಲ್ಲ.

ನೀಲಗಂಗಾಳ ಮನೆಗೆ ಬಂದವಳು ಬ್ರಿಟ್ಟಾ, ಎಪ್ಪತ್ತೆಂಟರ ನಿವೃತ್ತ ಸಂಗೀತ ಶಿಕ್ಷಕಿ. ಕೆಮ್ಮು ಆಗಲೇ ಶುರುವಾಗಿತ್ತು. ಕೋಣೆಯ ಬಾಗಿಲು ಹಾಕಿಕೊಂಡೇ ಇರುತ್ತಿದ್ದಳು, ತನ್ನ ತಟ್ಟೆ ತಾನೇ ತೊಳೆಯುತ್ತಿದ್ದಳು. ಬಕೆಟ್ಟಿನ ಮುಂದೆ ಕೂತು ಮಗ್ಗಿನಿಂದ ಹೇಗೆ ಮೀಯುವುದೆಂದು ಚಿನ್ಮಯಿ ಬಾಗಿಲಾಚೆ ನಿಂತು ಹೇಳಿಕೊಟ್ಟಳು. ಹತ್ತಿದ ದಿನದಿಂದ ಕೆಮ್ಮು ಕಾಣಿಸಲು ಹೆಚ್ಚೆಂದರೆ ಇಪ್ಪತ್ತೊಂದು ದಿನ ಬೇಕು ಎಂದು ಮಿರ್ಯಾ ಲೆಕ್ಕ ಹಾಕಿದ್ದಳು. ನೀಲಗಂಗಾ ಬೆಳಿಗ್ಗೆ ಏಳುತ್ತಲೇ ಮಗಳ ಉಸಿರು ಕೇಳುತ್ತಿದ್ದಳು, ಆಮೇಲೆ ಕೇಂದ್ರಕ್ಕೆ ಹೋಗಿ ನಕ್ಷೆಯಲ್ಲಿ ಹಗ್ಗದಕೇರಿಯನ್ನು ನೋಡುತ್ತಿದ್ದಳು. ಒಂಬತ್ತನೆಯ ದಿನ ಫದ್ವಾ ತೀರಿಕೊಂಡಳು. ಮಣ್ಣಿಗೆ ಹೋಗಲು ನೀಲಗಂಗಾಳಿಗೆ ಎರಡು ಗಂಟೆ ರಜೆ ಸಿಕ್ಕಿತು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಶಾಲೆಗೆ ಹೊರಟಿದ್ದ ಚಿನ್ಮಯಿ ಷೂ ಹಾಕಿಕೊಳ್ಳುತ್ತ ಕೆಮ್ಮಿದಳು. ಒಣ ಕೆಮ್ಮು. ಮತ್ತೊಮ್ಮೆ ಕೆಮ್ಮಿದಳು.

ಮಡಿವಾಳಪ್ಪ ಕೈಯಲ್ಲಿದ್ದ ಬುತ್ತಿ ಕೆಳಗಿಟ್ಟ. ಒಳಕೋಣೆಯ ಬಾಗಿಲು ತೆರೆಯಿತು, ಬ್ರಿಟ್ಟಾ ಕೋಟು ತೊಟ್ಟು ಪೆಟ್ಟಿಗೆ ಹಿಡಿದು ನಿಂತಿದ್ದಳು. ತಾನು ಹೊರಡುತ್ತೇನೆ, ಮೊದಲೇ ಹೊರಡಬೇಕಿತ್ತು ಎಂದಳು. ಮಡಿವಾಳಪ್ಪ ಅವಳ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ಹೋಗಿ ಒಳಗಿಟ್ಟು ಬಂದ.

ಮಗಳ ಗಂಟಲಿನ ದ್ರವ ತೆಗೆದುಕೊಂಡು ಅವಳು ಪ್ರಯೋಗಾಲಯಕ್ಕೆ ಓಡಿದಳು. ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಡಲು ಅವಳಿಂದಾಗಲಿಲ್ಲ, ಮಿರ್ಯಾ ಇಟ್ಟಳು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಸಾಲುಸಾಲಾಗಿ, ನಲವತ್ತು ನಿಮಿಷ ನೋಡಿದಳು. ಕಪ್ಪು ಎಳೆ ಒಂದೂ ಇರಲಿಲ್ಲ. ಮಾಮೂಲು ಶೀತ. ನೀಲಗಂಗಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮಿರ್ಯಾ ಅವಳ ಪಕ್ಕದಲ್ಲಿ ಕೂತಳು.

ಇಪ್ಪತ್ತೊಂದು ದಿನ ಕಳೆಯಿತು, ಮೂವತ್ತು ಕಳೆಯಿತು. ಹಗ್ಗದಕೇರಿಯವರಲ್ಲಿ ಹೊಸದಾಗಿ ಒಬ್ಬರಿಗೂ ಬರಲಿಲ್ಲ. ಆ ನರ್ಸು ನ್ಯೂಸುಂಡ್‌ನ ಅದೇ ನಸುಬಿಸಿ ನೀರಿನ ಈಜುಕೊಳಕ್ಕೆ ವಾರಕ್ಕೆರಡು ಸಲ ಹೋಗುತ್ತಿದ್ದಳೆಂದು ಗೊತ್ತಾಯಿತು. ಬಂದ ಅತಿಥಿಗಳಲ್ಲಿ ಆರುನೂರು ಜನ ಸತ್ತರು. ಅವರು ಕಾಯಿಲೆಯನ್ನು ಮೈಯಲ್ಲಿಟ್ಟುಕೊಂಡೇ ಬಂದವರು. ಬ್ರಿಟ್ಟಾ ಉಳಿದಳು, ಒಂದು ಕಣ್ಣು ಹೋಯಿತು. ಜಾಲ ನಿಲ್ಲಿಸದಿದ್ದರೆ ವಸಂತದ ಹೊತ್ತಿಗೆ ನ್ಯೂಸುಂಡ್‌ನಲ್ಲಿ ಐದು ಸಾವಿರ ಹೆಣ ಬೀಳುತ್ತಿದ್ದವು ಎಂದು ಅರ್ವೀಡ್ ವರದಿಯಲ್ಲಿ ಬರೆದು, ರಾಜೀನಾಮೆ ಕೊಟ್ಟು ಹೋದ. ಅವನ ಕುರ್ಚಿಯಲ್ಲಿ ನೀಲಗಂಗಾಳನ್ನು ಕೂರಿಸಿದರು.

ಉಳಿದ ಐವತ್ತೊಂಬತ್ತು ನಗರಗಳಿಗೆ ಅವಳು ತನ್ನ ವರದಿಯನ್ನು ಜಾಲ ನಿಂತ ದಿನವೇ ಕಳಿಸಿದ್ದಳು. ಕೆಲವು ತಕ್ಷಣ ಜಾಲ ನಿಲ್ಲಿಸಿದವು, ಕೆಲವು ಸಮಿತಿ ಮಾಡಿದವು.

ಫೆಬ್ರವರಿಯ ಮೊದಲ ವಾರ, ಒಳನಾಡಿನ ಒಂದು ನಗರದಿಂದ ಆರೋಗ್ಯಾಧಿಕಾರಿ ಜುಜಾನಾ ಎಂಬವಳು ವಿಡಿಯೋ ಕರೆ ಮಾಡಿದಳು. ನಲವತ್ತರ ಆಸುಪಾಸಿನ ಹೆಂಗಸು. ಹಿಂದಿನ ಗೋಡೆಯ ಮೇಲೆ ಅವರ ಊರಿನ ನಕ್ಷೆ ಇತ್ತು, ಅದರ ಮೇಲೆ ಕೆಂಪು ಬಿಟ್ಟು ಬೇರೆ ಬಣ್ಣವೇ ಕಾಣುತ್ತಿರಲಿಲ್ಲ. ನಿಮ್ಮ ವರದಿ ಓದಿದೆ ಎಂದಳು. ಹೊರಗೆ ಮೈನಸ್ ಹತ್ತೊಂಬತ್ತು ಇದೆ ಎಂದಳು.

"ನಮ್ಮ ಹಳೇ ಕೇರಿಗಳನ್ನೆಲ್ಲ ನಾವು ಆರು ವರ್ಷದ ಹಿಂದೆಯೇ ಕೆಡವಿಬಿಟ್ಟಿದ್ದೀವಿ. ಅಲ್ಲಿದ್ದ ಜನರನ್ನ ಊರಿಂದಲೇ ಕಳಿಸಿದ್ದೀವಿ. ಎರಡೂವರೆ ಲಕ್ಷ ಜನರನ್ನ ನಾನು ಎಲ್ಲಿಗೆ ಕರ್ಕೊಂಡು ಹೋಗ್ಲಿ?"

ಕಟ್ಟಿಗೆ ಒಲೆ ಇರುವ ಚರ್ಚುಗಳು ಎಷ್ಟಿವೆ, ಹಳೆಯ ರೈಲು ಶೆಡ್ಡುಗಳು ಎಲ್ಲಿವೆ, ಸೈನ್ಯದ ಗುಡಾರಗಳು ಸಿಗುತ್ತವೆಯೇ ಎಂದು ನೀಲಗಂಗಾ ತೋಚಿದ್ದನ್ನೆಲ್ಲ ಕೇಳತೊಡಗಿದಳು. ಜುಜಾನಾ ತಲೆ ಬಗ್ಗಿಸಿ ಒಂದೊಂದನ್ನೇ ಬರೆದುಕೊಂಡಳು. ಬರೆಯುತ್ತ ಬರೆಯುತ್ತ ಒಮ್ಮೆ ತೆರೆಯಿಂದ ಮುಖ ತಿರುಗಿಸಿ ಕರವಸ್ತ್ರಕ್ಕೆ ಕೆಮ್ಮಿದಳು. ಕರವಸ್ತ್ರವನ್ನು ಬಿಡಿಸಿ ಒಂದು ಕ್ಷಣ ನೋಡಿದಳು, ಮಡಚಿ ಜೇಬಿಗೆ ಹಾಕಿಕೊಂಡಳು, ಮತ್ತೆ ಪೆನ್ನು ಹಿಡಿದಳು.

"ಗುಡಾರದವರೆಗೆ ಬರ್ಕೊಂಡೆ," ಎಂದಳು. "ಮುಂದೆ ಹೇಳಿ."